ಒಂದೇ ಸಲದ ಕರೆ

ರೊಟ್ಟಿ ಅಂಗಡಿಯವನು ಎಷ್ಟು ಬೇಕೆಂದು ಕೇಳಿದಾಗ ಮೊನೀರೆಯ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಕೆಮ್ಮಿ, ಒಂದು ಬೆರಳು ತೋರಿಸಿದಳು. ದಾರಿಯಲ್ಲಿ ನೆನಪು ಮಾಡಿಕೊಂಡರೆ, ಅವಳು ಬಾಯಿಬಿಟ್ಟು ಮಾತಾಡಿ ನಾಲ್ಕು ದಿನವಾಗಿತ್ತು. ವಯಸ್ಸು ಅರವತ್ತೆಂಟು, ಮಕ್ಕಳಿಲ್ಲ, ಗಂಡ ತೀರಿಕೊಂಡು ಎರಡು ವರ್ಷ. ಹೀಗೇ ಬಿಟ್ಟರೆ ತಾನು ಮೂಗಿಯಾಗುವುದು ಖಂಡಿತ ಎಂದು ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಆರಕ್ಕೆ ಹಮದಾನ್ ನಗರದ ಪಾರ್ಕಿಗೆ ಹೋಗಿ, ವ್ಯಾಯಾಮ ಮಾಡುವ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತಳು. ಹನ್ನೆರಡು ಮಂದಿ, ಎಲ್ಲರಿಗೂ ಮಂಡಿನೋವು. ಸೀಟಿ ಊದುವವಳು ತೂರಾನ್, ನಿವೃತ್ತ ಡ್ರಿಲ್ ಮೇಡಂ. ಕೈ ಎತ್ತುವಾಗಲೆಲ್ಲ ಎಲ್ಲರೂ ಗಟ್ಟಿಯಾಗಿ ಎಣಿಸಬೇಕು. ಮೊನೀರೆಯ ಕೈ ಭುಜದಿಂದ ಮೇಲೇಳಲಿಲ್ಲ, ಆದರೆ ಎಣಿಕೆಯಲ್ಲಿ ಅವಳದೇ ದೊಡ್ಡ ದನಿ.

ಮುಗಿದ ಮೇಲೆ ಕೊಳದ ಪಕ್ಕ ಬಟ್ಟೆ ಹಾಸಿದರು. ರೊಟ್ಟಿ, ಚೀಸು, ಅಕ್ರೋಟು, ಫ್ಲಾಸ್ಕಿನಲ್ಲಿ ಚಹಾ.

"ಬನ್ನಿ, ಕೂತ್ಕೊಳ್ಳಿ," ಎಂದಳು ತೂರಾನ್.

ಮೊನೀರೆ ವಂದನೆ ಹೇಳುವಂತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಿಮ್ಮ ಕೈ ನೋಯದಿರಲಿ. ಈಗಷ್ಟೇ ತಿಂದು ಬಂದೆ."

ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೆ ಮೊದಲ ಕರೆಗೇ ಕೂರುವವಳನ್ನು ಯಾರಾದರೂ ಮರ್ಯಾದಸ್ಥೆ ಅನ್ನುತ್ತಾರೆಯೇ? ಕನಿಷ್ಠ ಮೂರು ಸಲ ಕರೆಯಬೇಕು, ಎರಡು ಸಲ ಬೇಡ ಅನ್ನಬೇಕು, ಉಪಚಾರದ ಇಷ್ಟು ರೀತಿ, ಇಷ್ಟು ತಾರೋಫ್, ಹಾಲು ಕುಡಿಯುವ ಮಗುವಿಗೂ ಗೊತ್ತು. ಅವಳು ಎರಡನೆಯ ಕರೆಗೆ ಕಾದು ನಿಂತಳು. ತೂರಾನ್ ಆಗಲೇ ಬೆನ್ನು ತಿರುಗಿಸಿ ರೊಟ್ಟಿ ಹರಿಯುತ್ತಿದ್ದಳು.

ಹತ್ತು ದಿನ ಇದೇ ನಡೆಯಿತು. ದಿನಕ್ಕೊಂದು ಕರೆ, ಅದೂ ಕಾಟಾಚಾರಕ್ಕೆ. ಬೇಡವಾದವಳನ್ನು ಹೀಗೇ ಅಲ್ಲವೇ ಕರೆಯುವುದು? ಮೊನೀರೆಗೆ ಮೈಯೆಲ್ಲ ಉರಿಯಿತು. ಹನ್ನೊಂದನೆಯ ದಿನದಿಂದ ಹೋಗುವುದನ್ನೇ ಬಿಟ್ಟಳು. ಒಬ್ಬಳೇ ಅಡುಗೆಮನೆಯಲ್ಲಿ ಕೈ ಎತ್ತಿ ಇಳಿಸಿ ನೋಡಿದಳು. ಎಣಿಸಲು ನಾಚಿಕೆಯಾಯಿತು.

ಹೋಗುವುದು ಬಿಟ್ಟ ಮೂರನೆಯ ದಿನ ರೊಟ್ಟಿಯ ಸರದಿಯಲ್ಲಿ ಎಫ್ಫತ್ ಸಿಕ್ಕಳು. ವ್ಯಾಯಾಮದಲ್ಲಿ ಪಕ್ಕಕ್ಕೆ ನಿಲ್ಲುತ್ತಿದ್ದ ದಪ್ಪಗಿನ ಹೆಂಗಸು.

"ಏನ್ರೀ ಮೊನೀರೆ ಖಾನಂ, ಕಾಲು ಉಳುಕಿತಾ?"

"ನನ್ನನ್ನ ಯಾರು ಕೇಳ್ತಾರೆ ಬಿಡಿ. ಒಂದೇ ಒಂದು ಸಲ ಬಾಯಿಮಾತಿಗೆ ಕರೀತೀರಿ."

ಎಫ್ಫತ್ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿಮಗೆ ಯಾರೂ ಹೇಳಲೇ ಇಲ್ವಾ? ಹನ್ನೆರಡು ಜನಕ್ಕೆ ಮೂರ್ಮೂರು ಸಲ ಕರೆಯೋದ್ರೊಳಗೆ ಚಹಾ ಐಸಾಗ್ತಿತ್ತು ಕಣ್ರೀ. ಅದಕ್ಕೇ ತೂರಾನ್ ನಿಯಮ ಮಾಡಿದ್ಳು. ಒಂದೇ ಕರೆ, ಅದಕ್ಕೆ ನಿಜವಾದ ಉತ್ತರ ಕೊಡ್ಬೇಕು. ನಿಮಗೋಸ್ಕರ ದಿನಾ ಒಂದು ಲೋಟ ಹೆಚ್ಚಿಗೆ ತಂದು, ಹಾಗೇ ವಾಪಸ್ ಒಯ್ತಾಳೆ. ಈ ಹೆಂಗಸು ಮನೇಲಿ ಅದೇನು ತಿಂದು ಬರ್ತಾಳಪ್ಪ ಅಂತ ನಮಗೆಲ್ಲ ಆಶ್ಚರ್ಯ."

ಮರುದಿನ ಮೊನೀರೆ ಬಿಸಿ ರೊಟ್ಟಿ ಕಂಕುಳಲ್ಲಿಟ್ಟುಕೊಂಡು ಹೋದಳು. ಕೈ ಎತ್ತಿದಳು, ಎಣಿಸಿದಳು. ಬಟ್ಟೆ ಹಾಸಿದರು.

"ಬನ್ನಿ, ಕೂತ್ಕೊಳ್ಳಿ," ಎಂದಳು ತೂರಾನ್.

ರಾತ್ರಿಯೆಲ್ಲ ಮನಸ್ಸಿನಲ್ಲೇ ಉರು ಹೊಡೆದಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅರವತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಎದೆಯ ಮೇಲೆ ಹೋಯಿತು. "ನಿಮ್ಮ ಕೈ ನೋಯದಿರಲಿ, ಈಗಷ್ಟೇ ತಿಂದು..."

ತೂರಾನ್ ಬೆನ್ನು ತಿರುಗಿಸಿದಳು. ಎಫ್ಫತ್ ಮೊನೀರೆಯತ್ತ ಕಣ್ಣು ಬಿಟ್ಟಳು.

"ಸುಳ್ಳು," ಎಂದಳು ಮೊನೀರೆ ಆ ಬೆನ್ನಿಗೆ. ದನಿ ಎಣಿಸುವಾಗಿನಷ್ಟೇ ದೊಡ್ಡದಾಗಿತ್ತು. "ತಿಂದಿಲ್ಲ. ಒಂದು ದಿನಾನೂ ತಿಂದು ಬಂದಿಲ್ಲ. ಎರಡು ವರ್ಷದಿಂದ ಯಾರ ಜೊತೆಗೂ ಕೂತು ತಿಂದಿಲ್ಲ."

ತೂರಾನ್ ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಲೋಟ ತೆಗೆದು ಚಹಾ ಸುರಿದಳು.

"ಮತ್ತೆ ನಿಂತುಕೊಂಡು ಏನು ನೋಡ್ತೀರಿ? ಆರಿ ಹೋಗುತ್ತೆ."

ಮೊನೀರೆ ಮಂಡಿ ಹಿಡಿದುಕೊಂಡು ಕೂತಳು, ರೊಟ್ಟಿಯನ್ನು ನಡುವೆ ಇಟ್ಟಳು. ಎರಡನೆಯ ಲೋಟ ಚಹಾವನ್ನು, ಯಾರೂ ಕೇಳುವ ಮೊದಲೇ, ತಾನಾಗಿ ಕೇಳಿದಳು.