ಮುಂದಿನ ಕೌಂಟರಿಗೆ ಬೇಕಾದ ಹಲ್ಲು

"ಅದು ಬೇಡ ಕಣೇ, ಹಲ್ಲು ಕಾಪಾಡೋದನ್ನ ತಗೋ," ಎಂದು ಅಕ್ಕ ಬೇರೊಂದು ಪೇಸ್ಟನ್ನು ಕೈಗೆ ತುರುಕಿದಳು. "ಮೊದಲೇ ತಣ್ಣೀರು ಕುಡಿದ್ರೆ ಹಲ್ಲು ಜುಂ ಅನ್ನುತ್ತೆ ಅಂತೀಯ."

"ಕಾಪಾಡಿಕೊಂಡು ಏನ್ ಮಾಡ್ಲಿ, ಮ್ಯೂಸಿಯಮ್ಮಿಗೆ ಕೊಡ್ಲಾ?" ತಂಗಿ ಹಲ್ಲು ಬೆಳ್ಳಗೆ ಮಾಡುವ ಪೇಸ್ಟನ್ನೇ ಬುಟ್ಟಿಗೆ ಹಾಕಿದಳು. ಡಬ್ಬಿಯ ಮೇಲಿನ ಹೆಂಗಸು ಹಲ್ಲು ಕಿರಿದು ನಗುತ್ತಿದ್ದಳು. ಅವಳಿಗೇನು, ನಗುವುದೇ ಕೆಲಸ.

ಇವಳ ಕೆಲಸ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರಕ್ಕೆ ಒಡ್ಡಿ ಗಾಜು ಉಜ್ಜುವುದು. ಕಿಟಕಿಯಿಲ್ಲ, ಬೇಯುವ ಸೆಕೆ, ಗಾಜಿನ ಪುಡಿ, ಸದಾ ಕೆಮ್ಮು. ಮುಂದಿನ ಕೌಂಟರಿನ ಹುಡುಗಿ ಕೆಲಸ ಬಿಟ್ಟಾಗ ಆ ಜಾಗ ತನಗೆ ಕೊಡಿ ಎಂದು ಮಾಲೀಕರನ್ನು ಕೇಳಿದ್ದಳು. "ಕೊಡಬಹುದಮ್ಮ, ಆದ್ರೆ ಗಿರಾಕಿ ಎದುರು ಆ ಹಳದಿ ಹಲ್ಲು ಬಿಟ್ಕೊಂಡು ನಿಂತ್ರೆ ಹ್ಯಾಗೆ? ಬೆಳ್ಳಗೆ ಮಾಡ್ಕೊಂಡು ಬಾ," ಅಂದಿದ್ದರು ಪುಣ್ಯಾತ್ಮರು. ಅವರದ್ದೇನು ಮುತ್ತೇ? ಅಷ್ಟೂ ಕಟ್ಟಿಸಿಕೊಂಡದ್ದು!

ಗಾಜಿನಲ್ಲಿ ಗೀರು ಉಳಿದರೆ ಇನ್ನೊಂದು ಸುತ್ತು ಉಜ್ಜು. ಆ ಕೋಣೆಯಲ್ಲಿ ಅವಳು ಕಲಿತದ್ದೇ ಅದು. ಹಲ್ಲಿಗೂ ಅದನ್ನೇ ಮಾಡಿದಳು, ಗಟ್ಟಿ ಬ್ರಷ್ ಹಿಡಿದು, ಹೊತ್ತಿಲ್ಲ ಗೊತ್ತಿಲ್ಲ. ಒಸಡಿನಲ್ಲಿ ರಕ್ತ ಬಂದರೂ ಬಿಡಲಿಲ್ಲ. "ತಳ ಹಿಡಿದ ಪಾತ್ರೆ ಅಂದ್ಕೊಂಡ್ಯೇನೇ?" ಎಂದು ಅಕ್ಕ ಬೈದಳು. ಹಲ್ಲು ಬೆಳ್ಳಗಾಯಿತು, ನಿಜ. ಬಾಯಿ ತೆರೆದು ಗಾಳಿ ಸೋಕಿದರೆ ಜೀವ ಹೋದಂತಾಗುತ್ತಿತ್ತು, ಅದೂ ನಿಜ.

ಮಾಲೀಕರು ದನ ಕೊಳ್ಳುವವರ ಹಾಗೆ ಬಾಯಿ ತೆರೆಸಿ ನೋಡಿ, "ಭೇಷ್!" ಎಂದು ಕೌಂಟರಿಗೆ ನಿಲ್ಲಿಸಿದರು. ಎ.ಸಿ. ನೇರ ಮುಖಕ್ಕೆ ಬೀಸುತ್ತಿತ್ತು. ಗಿರಾಕಿಯೊಬ್ಬರು ಹೊಸ ಫ್ರೇಮು ಹಾಕಿಕೊಂಡು, "ಹೇಗೆ ಕಾಣ್ತೀನಮ್ಮ?" ಎಂದರು. ಅವಳು ತುಟಿ ಬಿಗಿದು ತಲೆಯಾಡಿಸಿದಳು. ಅವರು ಪೆಚ್ಚಾಗಿ ಅದನ್ನು ಕೆಳಗಿಟ್ಟು ಹೊರಟೇಹೋದರು. ಆಮೇಲೆ ಬಂದವರದೂ ಅದೇ ಕಥೆ.

ಸಂಜೆ ಮಾಲೀಕರು ಕೌಂಟರಿನ ಬಳಿ ಬಂದರು. "ಮುಖ ಗಂಟು ಹಾಕ್ಕೊಂಡು ನಿಂತ್ರೆ ಯಾರಮ್ಮ ಬರ್ತಾರೆ? ನಿಂಗೆ ನಗೋಕೇ ಬರಲ್ಲ. ನಾಳೆಯಿಂದ ಹಿಂದೇನೇ ಇರು."

ಹೇಳಬೇಕೆಂದು ಬಾಯಿ ತೆರೆದಳು. ತಣ್ಣನೆ ಗಾಳಿ ಹೊಡೆಯಿತು. ಮುಚ್ಚಿಕೊಂಡಳು.

ಮರುದಿನ ಹಿಂದಿನ ಕೋಣೆಯಲ್ಲಿ ಜೊತೆಗಾತಿ ಮಾಲೀಕರ ಕಟ್ಟಿಸಿದ ಹಲ್ಲಿನ ಟಕಟಕ ಸದ್ದನ್ನು ಅಣಕಿಸಿ ತೋರಿಸಿದಳು. ಆ ಸೆಕೆಯಲ್ಲಿ ಒಂದಿಷ್ಟೂ ಗಾಳಿಯಾಡುತ್ತಿರಲಿಲ್ಲ. ಇವಳು ಹಲ್ಲೆಲ್ಲ ಕಾಣುವ ಹಾಗೆ ನಕ್ಕುಬಿಟ್ಟಳು.

"ಅಯ್ಯೋ, ಎಷ್ಟು ಬೆಳ್ಳಗಾಗಿವೆ ಕಣೇ!" ಎಂದಳು ಜೊತೆಗಾತಿ.

ಇವಳು ಇನ್ನೊಂದು ಗಾಜು ಎತ್ತಿಕೊಂಡು ಯಂತ್ರಕ್ಕೆ ಒಡ್ಡಿದಳು.