ಏಳು ಪದರದ ಲಂಗ

ಶವದ ಬಂಡಿ ಮೊಂಮಾರ್ತ್ರ ಗುಡ್ಡದ ಏರು ಹತ್ತಲಾರದೆ ನಿಂತಿತು. ಗಾಡಿಯವನು ಕೆಳಗಿಳಿದು ಕುದುರೆಯನ್ನು ಬೈಯತೊಡಗಿದ. ಹಿಂದೆ ನಡೆಯುತ್ತಿದ್ದ ಒನೊರಿನ್ ಮೂರನೆಯ ಸಲ ಚರ್ಚಿನ ಗಡಿಯಾರದ ಕಡೆಗೆ ಕತ್ತು ಹೊರಳಿಸಿದಳು. ಹನ್ನೊಂದೂವರೆ.

"ಯಾಕಮ್ಮಾ, ರೈಲು ಹಿಡೀಬೇಕಾ?" ಎಂದಳು ಪಕ್ಕದಲ್ಲಿದ್ದ ಎರ್ಮಾನ್ಸ್. ಥಿಯೇಟರಿನ ಇಸ್ತ್ರಿಯವಳು, ಎಪ್ಪತ್ತು ದಾಟಿದ್ದರೂ ಅವಳ ನಾಲಿಗೆಗೆ ವಯಸ್ಸಾಗಿರಲಿಲ್ಲ. "ನಿಧಾನ ನಡಿ. ದೊಡ್ಡಮ್ಮ ಇನ್ನೆಲ್ಲಿಗೆ ಓಡಿಹೋಗ್ತಾಳೆ?"

ಬಂಡಿಯೊಳಗಿದ್ದವಳು ಪೆಲಾಜಿ. ಆ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ಕುಣಿಯುವವರಿಗೆ ಬಿಳಿ ಲಂಗ ಹೊಲಿದವಳು. ಮದುವೆಯಿಲ್ಲ, ಮಕ್ಕಳಿಲ್ಲ. ತನ್ನವರು ಅಂತ ಇದ್ದದ್ದು ತಂಗಿಯ ಮಗಳು ಒನೊರಿನ್ ಒಬ್ಬಳೇ. ಅವಳೂ ಅದೇ ಮೇಜಿನಲ್ಲಿ ಸೂಜಿ ಹಿಡಿದವಳು. ಒನೊರಿನ್‌ಗೆ ದುಃಖ ಬೇಕಾದಷ್ಟಿತ್ತು. ಆದರೆ ದುಃಖಪಡಲು ಪುರುಸೊತ್ತಿರಲಿಲ್ಲ. ರಾತ್ರಿ ಎಂಟಕ್ಕೆ ಆಟ. ಲೆಯೊಕಾದಿಯ ಹೊಸ ಲಂಗ ಥಿಯೇಟರಿನ ಅವಳ ಕೋಣೆಯ ಗೂಟದಲ್ಲಿ ನೇತಾಡುತ್ತಿತ್ತು, ಅದು ಇನ್ನೂ ಪಟಿಕದ ನೀರು ಕಂಡಿರಲಿಲ್ಲ.

ಮುಖ್ಯ ಪಾತ್ರದಲ್ಲಿ ಕುಣಿಯುವ ಆ ಲೆಯೊಕಾದಿಯೇ ಈಗ ಹಿಂದಿನಿಂದ ಬಂದು ಒನೊರಿನ್‌ಳ ತೋಳು ಹಿಡಿದುಕೊಂಡಳು. ಕಣ್ಣು ಊದಿಕೊಂಡಿತ್ತು.

"ನಮ್ಮಮ್ಮ ಸತ್ತಾಗ್ಲೂ ನಾನು ಇಷ್ಟು ಅತ್ತಿರ್ಲಿಲ್ಲ ಕಣೇ. ಇಡೀ ಥಿಯೇಟರಲ್ಲಿ ನನ್ನ ಮಾತು ಕೇಳ್ದೋರು ಅವರೊಬ್ಬರೇ. ಎಲ್ಲರ ಲಂಗಾನೂ ಆ ದರಿದ್ರ ನೀರಿಗೆ ಅದ್ದಿ ರಟ್ಟು ಮಾಡಿದ್ರು. ನಂದು ಮಾತ್ರ ಒಂಬತ್ತು ವರ್ಷ ಮುಟ್ಟಲಿಲ್ಲ. ಅದಕ್ಕೇ ನಾನು ತೇಲ್ತೀನಿ."

"ಅಕ್ಕಾ, ಆ ಹೊಸ ಲಂಗದ ವಿಷಯ..."

"ನೋಡ್ದೆ. ಎಷ್ಟು ಹಗುರ! ಸತ್ತೋರ ಮುಂದೆ ಹೇಳಬಾರದು, ಆದ್ರೆ ನಿನ್ನ ಕೈ ಅವರಿಗಿಂತ ಒಂದು ಗುಂಜಿ ಮೇಲೆ."

ಆ ಹಗುರ ಯಾಕೆಂದು ಒನೊರಿನ್‌ಗೆ ಗೊತ್ತಿತ್ತು. ಹೇಳಿಬಿಡಲೇ? ಹೇಳಿದರೆ, ಬಂಡಿಯ ಹಿಂದೆ ಇಷ್ಟು ಅಳುತ್ತಿರುವ ಈ ಹೆಂಗಸು ಸತ್ತವಳನ್ನು ಇಲ್ಲೇ ಶಪಿಸುತ್ತಾಳೆ. ಹೇಳದಿದ್ದರೆ ಇವತ್ತು ಎಂಟು ಗಂಟೆಗೆ ಇವಳು ಆ ಲಂಗದಲ್ಲೇ ರಂಗದ ಅಂಚಿನ ದೀಪದ ಸಾಲಿನ ಮುಂದೆ ನಿಲ್ಲುತ್ತಾಳೆ.

ಕುದುರೆ ಕೊನೆಗೂ ಮನಸ್ಸು ಮಾಡಿತು.

*

ಪೆಲಾಜಿ ಸೂಜಿ ಹಿಡಿದ ಹೊಸತರಲ್ಲಿ ರಂಗದ ರಾಣಿಯರು ಬಣ್ಣದ ರೇಷ್ಮೆಯಲ್ಲಿ ಕುಣಿಯುತ್ತಿದ್ದರು. ಆಮೇಲೆ ಗ್ಯಾಸಿನ ದೀಪ ಬಂತು, ಅದರ ಜೊತೆಗೆ ಸತ್ತ ಹುಡುಗಿಯರು ಬೆಳದಿಂಗಳಲ್ಲಿ ಎದ್ದು ಬರುವ ಕತೆಗಳೂ ಬಂದವು. ಎಲ್ಲರಿಗೂ ಬಿಳಿಯೇ ಬೇಕಾಯಿತು. ಮೀನಖಂಡದವರೆಗೆ ಇಳಿಯುವ ಜಾಳು ಬಟ್ಟೆಯ ಲಂಗ, ಪದರದ ಮೇಲೆ ಪದರ, ಒಟ್ಟು ಏಳು. "ನಾವು ಹೊಲಿಯೋದು ಬಟ್ಟೆ ಅಲ್ಲ ಕಣೇ, ಗಾಳಿ," ಅನ್ನುತ್ತಿದ್ದಳು ಪೆಲಾಜಿ. "ಗಾಳಿ ಇದ್ದಷ್ಟೂ ತೇಲುತ್ತೆ. ಗಾಳಿ ಇದ್ದಷ್ಟೂ ಉರಿಯುತ್ತೆ."

ಉರಿದದ್ದನ್ನು ಅವಳು ಕಂಡಿದ್ದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ದೀಪಕ್ಕೆ ತೀರ ಹತ್ತಿರ ತಿರುಗಿದಳು. ಕಂಬಳಿ ತಂದು ಸುತ್ತುವಷ್ಟರಲ್ಲಿ ಏಳು ಪದರವೂ ಮುಗಿದಿತ್ತು. ಹದಿನೇಳರ ಹುಡುಗಿ, ಹನ್ನೊಂದು ದಿನ ನರಳಿ ಹೋದಳು. ಲಂಗ ಪೆಲಾಜಿ ಹೊಲಿದದ್ದು.

ಅಂದಿನಿಂದ ಥಿಯೇಟರಿನಲ್ಲಿ ಹುಕುಂ ಆಯಿತು: ಎಲ್ಲ ಲಂಗವನ್ನೂ ಪಟಿಕದ ನೀರಿಗೆ ಅದ್ದಬೇಕು. ಅದ್ದಿದ ಬಟ್ಟೆಗೆ ಉರಿ ಹತ್ತುವುದಿಲ್ಲ. ಆದರೆ ಅದು ಬಿರುಸಾಗುತ್ತದೆ, ಹಳದಿ ತಿರುಗುತ್ತದೆ. ದೊಡ್ಡ ನರ್ತಕಿಯರು "ಏನಾದರೂ ಆದರೆ ನನ್ನ ಹೊಣೆ" ಎಂದು ಚೀಟಿ ಬರೆದುಕೊಟ್ಟು ತಪ್ಪಿಸಿಕೊಂಡರು. ಲೆಯೊಕಾದಿಯೂ ಬರೆದುಕೊಟ್ಟಳು. ಪೆಲಾಜಿ ಚೀಟಿ ಓದಿ, "ಆಗಲಮ್ಮಾ," ಅಂದಳು. ಮಾರನೆಯ ದಿನದಿಂದಲೇ ಅವಳ ಲಂಗವನ್ನು ಕದ್ದುಮುಚ್ಚಿ ಅದ್ದತೊಡಗಿದಳು. ತೆಳು ನೀರು, ಎರಡು ಸಲ. ಹಳದಿ ಮುಚ್ಚಲು ಚಿಟಿಕೆ ನೀಲಿ. ಬಿಸಿಲು ತಾಗದ ಅಟ್ಟದಲ್ಲಿ ಆರಿಸಿ, ಒಂದೊಂದು ಪದರವನ್ನೂ ಅಂಗೈಯಲ್ಲಿ ಉಜ್ಜಿ ಉಜ್ಜಿ ಮೆತ್ತಗೆ ಮಾಡಬೇಕು. ಒಂಬತ್ತು ವರ್ಷದಲ್ಲಿ ಅವಳ ಅಂಗೈ ಬಿರುಕುಬಿಟ್ಟು ಹೋಯಿತು.

ಈ ಸಲ ಹೊಸ ಲಂಗದ ಹೊತ್ತಿಗೆ ಪೆಲಾಜಿ ಎದೆ ಕಟ್ಟಿ ಹಾಸಿಗೆ ಹಿಡಿದಳು. ಒನೊರಿನ್ ಮಂಚದ ಪಕ್ಕದಲ್ಲೇ ಕೂತು ಲಂಗ ಹೊಲಿದು ಮುಗಿಸಿದಳು. ಅದ್ದುವ ತೊಟ್ಟಿ ಥಿಯೇಟರಿನಲ್ಲಿ. ಮುದುಕಿಯನ್ನು ಬಿಟ್ಟು ಹೋಗುವುದು ಹೇಗೆ? ಅಷ್ಟರಲ್ಲಿ ಉಡುಪಿನ ಯಜಮಾನ ಬೂಶಾರ್ ಬಂದು ಅದನ್ನು ಒಯ್ದ. ಅವತ್ತು ಮಧ್ಯಾಹ್ನ ಪೆಲಾಜಿ ಕಣ್ಣು ತೆರೆದಳು.

"ಅದ್ದಿದ್ಯಾ?"

"ಹೂಂ ದೊಡ್ಡಮ್ಮಾ. ಎರಡು ಸಲ."

ಪೆಲಾಜಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು. ಆಮೇಲೆ ಶವದ ಬಳಿ ಕೂರಲು ಒನೊರಿನ್ ಬಿಟ್ಟರೆ ಯಾರಿದ್ದರು?

*

ಪೆಟ್ಟಿಗೆ ಗುಂಡಿಗಿಳಿಯಿತು. ಪಾದ್ರಿ ಅವಸರದ ಮನುಷ್ಯ, ಆದರೂ ಒನೊರಿನ್‌ಗೆ ಅವನ ಮಂತ್ರ ಮುಗಿಯುವುದೇ ಇಲ್ಲ ಅನ್ನಿಸಿತು. ತೀರ್ಥ ಚಿಮುಕಿಸಿದ್ದಾಯಿತು. ಇನ್ನು ಹತ್ತಿರದ ನೆಂಟರು ಸ್ಮಶಾನದ ಬಾಗಿಲಲ್ಲಿ ನಿಂತು ಬಂದವರೆಲ್ಲರ ಕೈ ಹಿಡಿದು ಕಳಿಸಬೇಕು. ಅದು ತಪ್ಪಿದರೆ ಸತ್ತವಳಿಗೆ ದಿಕ್ಕಿರಲಿಲ್ಲ ಎಂದೇ ಅರ್ಥ. ಬಂದವರು ಅರವತ್ತಕ್ಕೆ ಕಡಿಮೆಯಿರಲಿಲ್ಲ.

"ಎರ್ಮಾನ್ಸಜ್ಜಿ, ಬಾಗಿಲಲ್ಲಿ ನೀವು ನಿಲ್ತೀರಾ?"

"ನಾನ್ಯಾವ ನೆಂಟಳೇ?" ಅಂದವಳು ಹುಡುಗಿಯ ಮುಖ ನೋಡಿ ದನಿ ತಗ್ಗಿಸಿದಳು. "ಲಂಗ ಅದ್ದಿಲ್ವಾ?"

"ನಿಮಗೆ ಗೊತ್ತಾ?"

"ಒಂಬತ್ತು ವರ್ಷ ಅದಕ್ಕೆ ಇಸ್ತ್ರಿ ಹಾಕಿದೀನಿ. ಪಟಿಕ ಕುಡಿದ ಬಟ್ಟೆ ಕೈಗೆ ಗೊತ್ತಾಗಲ್ವಾ? ಓಡು. ಕೇಳಿದ್ರೆ ತಲೆ ಸುತ್ತು ಬಂತು ಅಂತೀನಿ."

ಒನೊರಿನ್ ತಾನುಟ್ಟ ಲಂಗ ಎತ್ತಿ ಹಿಡಿದು ಗೋರಿಗಳ ನಡುವೆ ಓಡಿದಳು.

"ತಲೆ ಸುತ್ತು ಬಂದೋರು ಹೀಗೆ ಓಡ್ತಾರಾ?" ಎಂದ ಬೂಶಾರ್. "ಸಾಕಿದೋಳ ಮೇಲೆ ಮಣ್ಣು ಬೀಳೋ ಮುಂಚೆನೇ! ಎಂಥ ಕಾಲ ಬಂತಪ್ಪಾ!"

*

ಎರಡು ಗಂಟೆಗೆ ಲೆಯೊಕಾದಿ ಥಿಯೇಟರಿನ ಅಟ್ಟದ ಮೆಟ್ಟಿಲು ಹತ್ತಿ ಬಂದಳು. ಅವಳ ಮೈ ಸಿಟ್ಟಿನಿಂದ ಉರಿಯುತ್ತಿತ್ತು.

"ಬಾಗಿಲಲ್ಲಿ ಒಂದು ಗಳಿಗೆ ನಿಲ್ಲೋಕಾಗ್ಲಿಲ್ವೇನೇ ನಿಂಗೆ? ನಿನ್ನ ಬದಲು ಇಸ್ತ್ರಿಯವಳ ಕೈ ಹಿಡಿದು ಬಂದೆ ನಾನು!" ಅಷ್ಟರಲ್ಲಿ ತೊಟ್ಟಿ ಕಣ್ಣಿಗೆ ಬಿತ್ತು. "ಅದು... ಅದು ನನ್ನ ಲಂಗ! ದೊಡ್ಡಮ್ಮ ಇದ್ದಿದ್ರೆ ನಿನ್ನ ಕೈ ಮುರೀತಿದ್ರು!"

"ದೊಡ್ಡಮ್ಮನೇ ಅದ್ದುತ್ತಿದ್ದಿದ್ದು ಅಕ್ಕಾ. ಒಂದು ಸಲಾನೂ ತಪ್ಪಿಸ್ಲಿಲ್ಲ."

"ಸುಳ್ಳು."

ಒನೊರಿನ್ ಚಿಂದಿ ಬುಟ್ಟಿಯಿಂದ ಲೆಯೊಕಾದಿಯ ಹಳೆಯ ಲಂಗದ ತುಂಡೊಂದನ್ನು ಎಳೆದು ಮೇಣದಬತ್ತಿಗೆ ಹಿಡಿದಳು. ಅಂಚು ಕರ್ರಗಾಯಿತು, ಹೊಗೆಯಾಡಿತು, ಅಲ್ಲಿಗೇ ನಿಂತಿತು. ಆಮೇಲೆ ಹೊಸ ಬಟ್ಟೆಯ ಚೂರೊಂದನ್ನು ಹಿಡಿದಳು. ಅದು ಭಗ್ಗೆಂದು ಹೊತ್ತಿ ಬೆರಳು ಸುಟ್ಟಿತು.

ಲೆಯೊಕಾದಿ ಕಪ್ಪು ಅಂಚಿನ ತುಂಡನ್ನು ಕೈಗೆತ್ತಿಕೊಂಡು ನೋಡಿದಳು. "ಮೋಸ ಮಾಡಿದ್ಲು ಮುದುಕಿ," ಎಂದಳು. ತುಂಡನ್ನು ಬೆರಳಲ್ಲಿ ಉಜ್ಜಿ, "ಹಾಗಾದ್ರೆ ನಾನು ತೇಲ್ತಿದ್ದಿದ್ದು..."

"ಅದ್ದಿದ್ದರಲ್ಲೇ. ಈ ಹೊಸದೊಂದೇ ಅದ್ದಿರ್ಲಿಲ್ಲ. ಸಾಯೋವಾಗ ಕೇಳಿದ್ರು, ಎರಡು ಸಲ ಅದ್ದಿದೀನಿ ಅಂತ ಸುಳ್ಳು ಹೇಳ್ದೆ." ಮೂರು ದಿನದಿಂದ ತಡೆದುಕೊಂಡಿದ್ದ ಅಳು ಈಗ ಬಂತು.

ಲೆಯೊಕಾದಿ ಅವಳನ್ನು ಸಮಾಧಾನ ಮಾಡಲಿಲ್ಲ. ಬೂದಿಯಾಗಿದ್ದ ಚೂರನ್ನೇ ನೋಡುತ್ತ ನಿಂತಳು.

"ಈಗ ಎಷ್ಟು ಸಲ ಆಯ್ತು?"

"ಒಂದು. ಅದು ಆರಿದ್ರೆ ಸಾಕು ಅಕ್ಕಾ. ಎರಡನೇದಕ್ಕೆ ಹೊತ್ತಿಲ್ಲ. ಹಸಿ ಬಟ್ಟೇಲಿ ಕುಣಿದ್ರೆ ಜನ ನಗ್ತಾರೆ."

ಲೆಯೊಕಾದಿ ತನ್ನ ಕಪ್ಪು ಅಂಗಿಯ ತೋಳುಗಳನ್ನು ಮೊಣಕೈ ಮೇಲಕ್ಕೆ ಸರಿಸಿದಳು.

"ಆರಿಸು. ಆಮೇಲೆ ಎರಡನೇ ಸಲಾನೂ ಅದ್ದೋಣ."

ಎಂಟು ಗಂಟೆಗೆ ಬೂಶಾರ್ ರಂಗದ ಪಕ್ಕದಲ್ಲಿ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದ. ಹೊರಗಿನ ಪದರಗಳು ಮಾತ್ರ ಒಣಗಿದ್ದವು. ಒಳಗಿನವು ಲೆಯೊಕಾದಿಯ ಕಾಲಿಗೆ ಅಂಟಿಕೊಂಡಿದ್ದವು. ಅವಳು ಹಾರಿದಾಗ ಲಂಗ ತೇಲಲಿಲ್ಲ. ಮೇಲಿನ ಬಾಲ್ಕನಿಯಿಂದ ಯಾರೋ ಸಿಳ್ಳೆ ಹೊಡೆದರು. ಅವಳು ಎಂದಿಗಿಂತ ಒಂದು ಹೆಜ್ಜೆ ಮುಂದೆ ಬಂದು, ದೀಪದ ಸಾಲಿನ ಅಂಚಿನಲ್ಲೇ ನಿಂತು, ಗಿರ್ರನೆ ತಿರುಗಿದಳು. ಲಂಗದ ಅಂಚಿನಿಂದ ಹಾರಿದ ಹನಿಗಳು ಉರಿಯ ಮೇಲೆ ಬಿದ್ದು ಒಂದೊಂದಾಗಿ ಚುಂಯ್ ಅಂದವು.