ಹಾಳೆಯ ಕೆಳಗಿನ ಅರ್ಧ

ಸಮಾಧಾನಪ್ಪ ಅಯ್ಯನವರು ಪ್ರಸಂಗಕ್ಕೆ ನಿಂತರೆಂದರೆ ದಾವಣಗೆರೆ ಎಸ್.ಎಸ್. ಬಡಾವಣೆಯ ಆ ಸಣ್ಣ ಕ್ರೈಸ್ತ ಸಭೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿತ್ತು. ಸಮಾಧಾನವೆಲ್ಲ ಅವರ ಹೆಸರಿನಲ್ಲೇ ಮುಗಿದುಹೋಗಿತ್ತು. ಹರೆಯದಲ್ಲಿ ಹತ್ತಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು, ಗಿರಣಿ ಮುಚ್ಚಿದ ಮೇಲೆ ಪಾದ್ರಿಯಾಗಿ ಸೇವೆಗೆ ಬಂದವರು. ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಆ ಗಂಟಲು ಮೈಕು ಬಂದಮೇಲೂ ತಗ್ಗಲಿಲ್ಲ. ತಡವಾಗಿ ಬರುವವರು, ಚಾಡಿ ಹೇಳುವವರು, ಪ್ರಾರ್ಥನೆಯ ನಡುವೆ ಮೊಬೈಲು ನೋಡುವವರು, ಎಲ್ಲರಿಗೂ ವರ್ಷಕ್ಕೊಂದು ಭಾನುವಾರ ಮೀಸಲು. ಜನ ಸಹಿಸಿಕೊಂಡಿದ್ದರು. ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದದ್ದು ಅವರದೇ ಹಳೇ ಸ್ಕೂಟರು.

ಆದರೆ ಎಲೀಷನ ವಿಷಯದಲ್ಲಿ ಆ ಗಂಟಲು ಮನೆ ಮುರಿಯಿತು.

ಎಲೀಷ ವೆಲ್ಡಿಂಗ್ ಕೆಲಸದವನು. ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಗೆಳೆಯನ ಮನೆಯ ಗೃಹಪ್ರವೇಶದ ಸಂಜೆ ಮತ್ತೆ ಜಾರಿದ. ಮರುದಿನ ತಾನಾಗಿಯೇ ಅಯ್ಯನವರ ಮನೆಗೆ ಬಂದು, ನೆಲದ ಮೇಲೆ ಕುಳಿತು ಮಗುವಿನ ಹಾಗೆ ಅತ್ತ. ಅಯ್ಯನವರು ಅವನ ತಲೆ ಮೇಲೆ ಕೈಯಿಟ್ಟು, "ಭಾನುವಾರ ಬಾ. ನಿನಗಂತಲೇ ಒಂದು ಮಾತು ಇಟ್ಟಿರ್ತೀನಿ" ಎಂದರು.

ಎಲೀಷ ಬಂದ. ಹೆಂಡತಿ ಸುಗುಣಾಳನ್ನೂ ಕರೆತಂದು ಮುಂದಿನ ಸಾಲಿನಲ್ಲೇ ಕುಳಿತ. ಅಯ್ಯನವರು ಅವತ್ತು ಕುಡಿತದ ಮೇಲೆ ಒಂದು ತಾಸು ಬೆಂಕಿ ಸುರಿಸಿದರು. ಬಿಟ್ಟದ್ದನ್ನು ಮತ್ತೆ ಮುಟ್ಟುವ ಕೈಗಳು, ಹೆಂಡತಿಯ ಕಣ್ಣೀರಿಗೆ ಬೆಲೆ ಕೊಡದ ಗಂಡಸರು ಎಂದೆಲ್ಲ ಹೇಳಿದರು. ಹೆಸರು ಎತ್ತಲಿಲ್ಲ, ನಿಜ. ಆದರೆ ನಲವತ್ತು ಮನೆಗಳ ಸಭೆಯಲ್ಲಿ ಹೆಸರು ಎತ್ತುವ ಅಗತ್ಯವೇನಿದೆ? ಒಂದೊಂದೇ ತಲೆ ಎಲೀಷನ ಕಡೆ ತಿರುಗಿತು. ಅಷ್ಟರಲ್ಲಿ ಹನ್ನೆರಡು ಹೊಡೆಯಿತು. ಸಭೆ ಕೂಡುತ್ತಿದ್ದದ್ದು ಬಾಡಿಗೆ ಹಾಲ್‌ನಲ್ಲಿ. ಹನ್ನೆರಡಕ್ಕೆ ಅಲ್ಲಿ ಹೊಲಿಗೆ ಕ್ಲಾಸು ಶುರು. ಅಯ್ಯನವರು ಗಡಿಬಿಡಿಯಲ್ಲಿ ಆಶೀರ್ವಾದ ಹೇಳಿ ಮುಗಿಸಿದರು.

ಮುಂದಿನ ಭಾನುವಾರ ಎಲೀಷನ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ಮನೆಗೆ ಬೀಗ ಹಾಕಿ ಹರಿಹರದ ಮಾವನ ಮನೆ ಸೇರಿದ್ದಾನೆ, ಮತ್ತೆ ಕುಡಿಯುತ್ತಿದ್ದಾನೆ ಎಂಬ ಸುದ್ದಿ ಬಂತು.

"ಸತ್ಯ ಯಾರಿಗೆ ಬೇಕೈತೆ ಈಗ?" ಎಂದು ಅಯ್ಯನವರು ಊಟದ ತಟ್ಟೆಯ ಮುಂದೆ ಗೊಣಗಿದರು.

ಅವರ ಹೆಂಡತಿ ಜೀವರತ್ನಮ್ಮ ಹೆಚ್ಚು ಮಾತಿನವರಲ್ಲ. ಎದ್ದು ಒಳಗೆ ಹೋಗಿ, ಬೇಕರಿಯ ರಟ್ಟಿನ ಡಬ್ಬಿಯೊಂದನ್ನು ತಂದು ಅವರ ಮುಂದೆ ಇಟ್ಟರು. ಅದರ ತುಂಬ ಅಯ್ಯನವರ ಪ್ರಸಂಗದ ಹಾಳೆಗಳು. ಪ್ರತಿ ಶನಿವಾರ ಒಂದು ಉದ್ದ ಹಾಳೆಯಲ್ಲಿ ಬರೆದು, ನಡುವೆ ಒಂದು ಮಡಿಕೆ ಹಾಕಿ ಜೇಬಿಗಿಡುವುದು ಅವರ ರೂಢಿ. ಹೇಳಿ ಮುಗಿಸಿದ ಸಾಲಿಗೆಲ್ಲ ಕೆಂಪು ಪೆನ್ನಿನಿಂದ ಗುರುತು ಹಾಕುವುದೂ ರೂಢಿ.

"ನೋಡ್ರಿ" ಎಂದರು ಜೀವರತ್ನಮ್ಮ. "ಮಡಿಕೆ ದಾಟಿ ಒಂದಾದ್ರೂ ಕೆಂಪು ಗುರುತು ಐತೇನು?"

ಅಯ್ಯನವರು ಕನ್ನಡಕ ಏರಿಸಿ ಒಂದೊಂದೇ ಹಾಳೆ ತೆರೆದರು. ಮಡಿಕೆಯ ಮೇಲೆಲ್ಲ ಬೈಗುಳ, ಅದರ ಪಕ್ಕ ಕೆಂಪು ಗುರುತು. ಮಡಿಕೆಯ ಕೆಳಗೆ ಸಂತೈಕೆ, ಧೈರ್ಯ, ಎದ್ದು ಬಾ ಎನ್ನುವ ಮಾತು. ಅಲ್ಲೆಲ್ಲ ಹಾಳೆ ಬೆಳ್ಳಗಿತ್ತು. ಬರೆಯುವಾಗ ಅವರು ಎರಡನ್ನೂ ಒಂದೇ ಪ್ರೀತಿಯಿಂದ ಬರೆದಿದ್ದರು. ಹೇಳುವಾಗ ಮಾತ್ರ ಪ್ರತಿ ಸಲವೂ ಅರ್ಧಕ್ಕೇ ಹನ್ನೆರಡು ಹೊಡೆದಿತ್ತು.

"ಈ ಕೆಳಗಿನದು ಯಾರಿಗೆ ಬರೆದಿದ್ರಿ? ಇಷ್ಟು ವರ್ಷ ನಾನೊಬ್ಬಾಕೇ ಓದಿಕೊಂಡೀನಿ. ಅದನ್ನ ಓದಿದ್ದಕ್ಕೇ ನಿಮ್ಮ ಜೊತಿ ಬಾಳ್ವೆ ಮಾಡಾಕಾತು" ಎಂದು ಹೇಳಿ ಜೀವರತ್ನಮ್ಮ ತಟ್ಟೆ ಎತ್ತಿಕೊಂಡು ಹೋದರು.

ಡಬ್ಬಿಯೊಳಗೆ ಎಲ್ಲಕ್ಕೂ ಮೇಲೆ ಎಲೀಷನ ಭಾನುವಾರದ ಹಾಳೆಯಿತ್ತು. ಅವನಿಗೆಂದೇ ಇಟ್ಟಿದ್ದ ಮಾತು ಮಡಿಕೆಯ ಕೆಳಗೆ ಹಾಗೆಯೇ ಉಳಿದಿತ್ತು. ಅಯ್ಯನವರು ಅದನ್ನು ಮತ್ತೊಮ್ಮೆ ಓದಿಕೊಂಡರು. ಕರೆದು ಕೂರಿಸಿ, ಹಸಿದವನ ಮುಂದೆ ಖಾಲಿ ಎಲೆ ಹಾಕಿ ಎಬ್ಬಿಸಿದ್ದೆನಲ್ಲ ಎಂದು ನಾಚಿಕೆಪಟ್ಟರು. ಇದನ್ನು ಅವನಿಗೆ ಮುಟ್ಟಿಸದೆ ಇನ್ನೊಂದು ಪ್ರಸಂಗ ಬರೆಯುವುದಿಲ್ಲ ಎಂದು ನಿರ್ಧರಿಸಿಯೇ ಎದ್ದರು.

ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದರು. ಎಲೀಷ ಅಲ್ಲಿ ರೈಲ್ವೆ ಸ್ಟೇಷನ್ ಹತ್ತಿರ ಮಸ್ತಾನಸಾಬರ ಲೇತ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಾಗಿಲಲ್ಲಿ ಮಸ್ತಾನಸಾಬರೇ ಸಿಕ್ಕರು. "ಒಳಗೇ ಅದಾನ್ರಿ. ಇಲ್ಲ ಅಂತ ಹೇಳ್ರಿ ಅಂದಾನೆ. ಈ ವಯಸ್ಸಿನಾಗ ನಿಮ್ಮಂಥೋರಿಗೆ ಸುಳ್ಳು ಹೇಳಾಕೆ ಆಗಲ್ಲ ನಂಗೆ" ಎಂದರು. ಅಯ್ಯನವರು ನಕ್ಕು, ನಾಳೆ ಬರುತ್ತೇನೆಂದು ಹೇಳಿ ವಾಪಸಾದರು. ಮರುದಿನವೂ ಹೋದರು, ಎಲೀಷ ಹಿಂಬಾಗಿಲಿನಿಂದ ಹೊರಟುಹೋದ. ಮೂರನೆಯ ದಿನ ಹೋಗಿ ಮಸ್ತಾನಸಾಬರ ಸ್ಟೂಲಿನ ಮೇಲೆ ಗಟ್ಟಿಯಾಗಿ ಕುಳಿತೇಬಿಟ್ಟರು.

"ಎಲೀಷಾ! ತಪ್ಪಾತಪ್ಪಾ ನಂದು!" ಎಂದು ಲೇತಿನ ಸದ್ದಿನ ಮೇಲೆ ಕೂಗಿದರು. ಅದೇ ಗಳಿಗೆಗೆ ಮಸ್ತಾನಸಾಬರು ಮಿಷನ್ ಬಂದ್ ಮಾಡಿದ್ದರಿಂದ ಆ ಕೂಗು ಬೀದಿಗೆಲ್ಲ ಕೇಳಿತು. ಪಕ್ಕದ ಚಹಾದಂಗಡಿಯವನು ಇಣುಕಿ ನೋಡಿದ.

ಎಲೀಷ ಕೈ ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತ. ಕಣ್ಣುಗಳು ಕೆಂಪಗಿದ್ದವು, ಗಡ್ಡ ಬೆಳೆದಿತ್ತು. ಅಯ್ಯನವರು ಹಾಳೆ ತೆಗೆದು, ಅವನಿಗೆ ಇಟ್ಟ ಮಾತು ಹೇಗೆ ಉಳಿದುಹೋಯಿತೆಂದು ಹೇಳಿ, ಓದಲು ಹೊರಟರು. ಎಲೀಷ ತಡೆದ.

"ಇಲ್ಲಿ ಬ್ಯಾಡ್ರಿ ಅಯ್ನೋರೆ. ಬೈದಿದ್ದು ಎಲ್ಲಾರ ಮುಂದೆ. ಸಮಾಧಾನ ಮಾಡೋದು ಲೇತ್ ಅಂಗಡ್ಯಾಗ, ಮೂರು ಮಂದಿ ಮುಂದಾ? ಹೆಂಗ್ರಿ ಇದು?"

ಅಯ್ಯನವರು ಹಾಳೆ ಮಡಚಿ ಜೇಬಿಗಿಟ್ಟರು. ಅವನು ಹೇಳಿದ್ದು ನ್ಯಾಯವಾಗಿತ್ತು.

"ಭಾನುವಾರ ಅಲ್ಲೇ ಓದ್ತೀನಿ. ಹೆಸರು ಹೇಳಬಹುದೇನು?"

"ಹೇಳ್ರಿ. ಅವತ್ತು ಹೇಳದಿದ್ರೂ ಎಲ್ಲರಿಗೂ ಗೊತ್ತಾತಲ್ಲ" ಎಂದ ಎಲೀಷ. ಬರುತ್ತೇನೆಂದು ಮಾತ್ರ ಹೇಳಲಿಲ್ಲ.

ಶನಿವಾರ ಸಭೆಯ ಹಿರಿಯರಾದ ಕುಬೇರಪ್ಪ ಮಾಸ್ತರು ಸುದ್ದಿ ಕೇಳಿ ಓಡಿಬಂದರು. "ಪಾದ್ರಿಗಳೇ ಎಲ್ಲಾರ ಮುಂದೆ ತಪ್ಪಾತು ಅಂದ್ರೆ ನಾಳೆ ಯಾರು ನಿಮ್ಮ ಮಾತು ಕೇಳ್ತಾರ್ರಿ? ಕುಡಿಯೋದು ತಪ್ಪಲ್ಲ ಅಂತ ತಿಳ್ಕೊಂಡಾರು."

"ತಪ್ಪು ತಪ್ಪೇ, ಮಾಸ್ತರೆ. ಅದನ್ನ ಹೇಳೋದು ಬಿಡಲ್ಲ. ಆದ್ರೆ ಬಿದ್ದೋನಿಗೆ ಕೈ ಕೊಡದೆ, ಬಿದ್ದೀ ಬಿದ್ದೀ ಅಂತ ಕೂಗೋದು ಬಿಡ್ತೀನಿ. ನೀವೆಲ್ಲ ಎದ್ದು ಹೋದ್ರೂ ನಾಳೆ ಓದೋದೇ" ಎಂದರು ಅಯ್ಯನವರು. ಮಾಸ್ತರು ಚಹಾ ಕುಡಿಯದೆ ಹೋದರು.

ಭಾನುವಾರ ಹಾಲ್ ತುಂಬಿತ್ತು, ಇಂಥ ಸುದ್ದಿಗೆ ಕಾಲು ಬೇಗ. ಎಲೀಷನ ಜಾಗ ಮಾತ್ರ ಖಾಲಿಯಿತ್ತು. ಅಯ್ಯನವರು ಕಾಯಲಿಲ್ಲ. ಬಂದರೂ ಬಾರದಿದ್ದರೂ ಓದುವುದು ಓದುವುದೇ. ಹಳೆಯ ಹಾಳೆ ತೆಗೆದು, ಮಡಿಕೆಯ ಮೇಲಿನ ಭಾಗವನ್ನು ಹಿಂದಕ್ಕೆ ಮಡಚಿ ಕೆಳಗಿನ ಅರ್ಧವನ್ನು ಹಿಡಿದರು. ಮೈಕನ್ನು ದೂರ ಸರಿಸಿದರು. ತಾವು ಎಲೀಷನಿಗೆ ಕೊಟ್ಟ ಮಾತು ತಪ್ಪಿದ್ದನ್ನು, ಅವನು ನಂಬಿ ಹೇಳಿಕೊಂಡದ್ದನ್ನು ಸಭೆಯ ಮುಂದೆ ಹರವಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ಆಮೇಲೆ ಓದಿದರು.

"ಎಲೀಷಾ, ನೀನು ಏಳು ತಿಂಗಳು ಗೆದ್ದಿದ್ದೀ, ಒಂದು ಸಂಜೆ ಸೋತಿದ್ದೀ. ಆ ಒಂದು ಸಂಜೆ ಏಳು ತಿಂಗಳನ್ನು ಅಳಿಸಲಾರದು. ನಾವು ನೋಡಿದ್ದು ನಿನ್ನ ಸೋಲನ್ನು, ದೇವರು ಎಣಿಸಿದ್ದು ನಿನ್ನ ಒಂದೊಂದು ದಿನದ ಹೋರಾಟವನ್ನು. ಮಗನೇ, ಏಳು. ನೀನು ಏಳುವ ತನಕ ಈ ಸಭೆ ನಿನ್ನ ಪಕ್ಕದಲ್ಲಿ ಕೂರುತ್ತದೆ."

ಅಷ್ಟು ಮೆಲ್ಲಗೆ ಅವರು ಮಾತನಾಡಿದ್ದನ್ನು ಸಭೆ ಎಂದೂ ಕೇಳಿರಲಿಲ್ಲ. ಜೀವರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಕುಬೇರಪ್ಪ ಮಾಸ್ತರು ತಲೆ ತಗ್ಗಿಸಿದರು. ಅಯ್ಯನವರು ಪ್ರತಿ ಸಾಲಿಗೂ ಕೆಂಪು ಗುರುತು ಹಾಕಿ ಗಡಿಯಾರ ನೋಡಿದರು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಹಾಳೆ ಮಡಚಿ ಜೇಬಿಗಿಡಲು ಹೊರಟರು.

"ಇಡಬ್ಯಾಡ್ರಿ, ಅಯ್ನೋರೆ."

ಚಪ್ಪಲಿಗಳ ಹತ್ತಿರ, ಬಾಗಿಲ ಹೊರಗೆ ಎಲೀಷ ನಿಂತಿದ್ದ. ಗಡ್ಡ ಬೋಳಿಸಿದ್ದ. ಹಿಂದೆ ಸುಗುಣಾ ಇದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಯಾರೂ ನೋಡಿರಲಿಲ್ಲ. ಅವನು ಒಳಗೆ ಬಂದು ಮುಂದಿನ ಸಾಲಿನ ತನ್ನ ಜಾಗದಲ್ಲೇ ಕುಳಿತ. ಸುಗುಣಾ ಹೆಂಗಸರ ಕಡೆ ಹೋದಾಗ ಜೀವರತ್ನಮ್ಮ ಸರಿದು ಜಾಗ ಕೊಟ್ಟರು.

"ಮೇಲಿನ ಅರ್ಧನೂ ಓದ್ರಿ" ಎಂದ ಎಲೀಷ. "ಅವತ್ತು ಅದು ಕಿವಿಗೇ ಬೀಳಲಿಲ್ಲ. ಅದೂ ಬೇಕಾಗೇತಿ ನಂಗೆ."

ಅಯ್ಯನವರು ಹಾಳೆಯನ್ನು ಪೂರ್ತಿ ಬಿಡಿಸಿ, ಮೊದಲ ಸಾಲಿನಿಂದ, ಒಂದಕ್ಷರ ಬಿಡದೆ, ಒಂದಕ್ಷರ ಕೂಗದೆ ಓದಿದರು. ಹೊಲಿಗೆ ಕ್ಲಾಸಿನ ಹೆಂಗಸರು ಅವತ್ತು ಕಾಲು ತಾಸು ಹೊರಗೆ ಕಾಯಬೇಕಾಯಿತು.